ಬೆಳಗಿನ ತಾಪ ಏರಿದ ದಿನವೇ ಸೇರಬೇಕೇ?

ಪ್ರಶ್ನೆ, ಕಲಬುರಗಿಯಿಂದ

ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ದಿನವೂ ಎದ್ದ ಕೂಡಲೇ ನಾಲಿಗೆಯ ಕೆಳಗೆ ಥರ್ಮಾಮೀಟರ್ ಇಟ್ಟು ತಾಪ ಬರೆದಿಡುತ್ತೇನೆ. ಮುಟ್ಟಿನ ನಂತರ 36.3, 36.4ರ ಆಸುಪಾಸಿನಲ್ಲಿದ್ದದ್ದು ಈ ಸಲ ಒಮ್ಮೆಲೇ 36.7ಕ್ಕೆ ಏರಿ ಅಲ್ಲಿಯೇ ನಿಂತಿದೆ. ಏರಿಕೆಯನ್ನು ಕಾದು ಸೇರಬೇಕೇ, ಅದಕ್ಕೂ ಮೊದಲೇ ಸೇರಬೇಕೇ? ಇನ್ನೊಂದು ವಿಷಯ. ಈ ಬಿಸಿಲಿಗೆ ಮಾಳಿಗೆಯ ಮೇಲೆ ಮಲಗುತ್ತೇವೆ, ನಸುಕಿನಲ್ಲಿ ನಲ್ಲಿಗೆ ನೀರು ಬಂದರೆ ಕೊಡ ಹಿಡಿದು ಕೆಳಗೆ ಓಡಬೇಕು. ಅಂಥ ದಿನಗಳ ಅಂಕಿಯನ್ನು ನಂಬಬಹುದೇ?

ಉತ್ತರ, ಬೀದರ್‌ನಿಂದ

ನಾನು ನರ್ಸ್. ಹೀಗೆ ತಾಪದ ಚೀಟಿ ಹಿಡಿದು ಬರುವ ಹೆಣ್ಣುಮಕ್ಕಳಿಗೆ ಮೊದಲು ಹೇಳುವ ಮಾತನ್ನೇ ನಿಮಗೂ ಹೇಳುತ್ತೇನೆ: ತಂಗಿ, ಏರಿಕೆಯನ್ನು ಕಾಯಬೇಡಿ. ಅಂಡಾಣು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹೆಚ್ಚಿ ಮೈ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗುತ್ತದೆ. ಥರ್ಮಾಮೀಟರ್ ಅದನ್ನು ತೋರಿಸುವ ಹೊತ್ತಿಗೆ ಸಮಯ ಬಹುತೇಕ ಮೀರಿರುತ್ತದೆ, ಏಕೆಂದರೆ ಅಂಡಾಣುವಿನ ಆಯಸ್ಸು 12ರಿಂದ 24 ಗಂಟೆ ಮಾತ್ರ. ವೀರ್ಯಾಣು ಐದು ದಿನದವರೆಗೂ ಒಳಗೆ ಬದುಕಿರಬಲ್ಲದು. ಆದ್ದರಿಂದ ಏರಿಕೆಗೆ ಮೊದಲಿನ ಕೆಲವು ದಿನಗಳೇ ನಿಮ್ಮ ದಿನಗಳು.

ಹಾಗೆಂದು ಬರೆಯುವುದನ್ನು ನಿಲ್ಲಿಸಬೇಡಿ. ಹಿಂದಿನ ಆರು ದಿನಗಳಿಗಿಂತ ಸತತ ಮೂರು ದಿನ ತಾಪ ಮೇಲಿದ್ದರೆ ಅಂಡಾಣು ಬಿಡುಗಡೆಯಾಗಿದೆ ಎಂಬುದಕ್ಕೆ ಅದು ಒಳ್ಳೆಯ ಸುಳಿವು. ಕೆಲವು ತಿಂಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮುಂದಿನ ಸಲ ಯಾವಾಗ ಎಂಬ ಅಂದಾಜು ಸಿಗುತ್ತದೆ.

ನೀರು ಬಂದರೂ ಮೊದಲು ಥರ್ಮಾಮೀಟರ್, ಆಮೇಲೆ ಕೊಡ. ಹಾಸಿಗೆಯಲ್ಲಿಯೇ, ಮಾತಾಡದೆ, ನೀರು ಕುಡಿಯದೆ ಅಳೆಯಿರಿ. ಅದಕ್ಕೂ ಮುಂಚೆ ಕನಿಷ್ಠ ಮೂರು ಗಂಟೆ ಒಂದೇ ಸಮನೆ ನಿದ್ದೆಯಾಗಿರಬೇಕು. ಸೆಕೆಗೆ ಹೊರಳಾಡಿದ ರಾತ್ರಿ, ಜ್ವರ ಬಂದ ದಿನ ಅಂಕಿಯ ಪಕ್ಕ ಗುರುತು ಹಾಕಿ ಲೆಕ್ಕದಿಂದ ಬಿಡಿ. ಎರಡು ದಶಮಾಂಶ ತೋರಿಸುವ ಥರ್ಮಾಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು.

ಉತ್ತರ, ಯಾದಗಿರಿಯಿಂದ

ರಾತ್ರಿ ಪಾಳಿಯ ಕೆಲಸವಾದ್ದರಿಂದ ನನಗೆ ತಾಪ ಕೈಗೂಡಲಿಲ್ಲ. ಬಿಳಿ ಸ್ರಾವವನ್ನು ಗಮನಿಸಿದೆ. ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಎರಡು ಬೆರಳ ನಡುವೆ ಎಳೆಯಾಗಿ ಬರುವ ದಿನಗಳು ಅಂಡಾಣು ಬಿಡುಗಡೆಗೆ ಮೊದಲೇ ಕಾಣುತ್ತವೆ. ಔಷಧಿ ಅಂಗಡಿಯಲ್ಲಿ, ಅಂಡಾಣು ಬಿಡುಗಡೆಗೆ ಮುನ್ನ ಏರುವ ಹಾರ್ಮೋನನ್ನು ತೋರಿಸುವ, ಮೂತ್ರ ಪರೀಕ್ಷೆಯ ಎಲ್‌ಎಚ್ ಪಟ್ಟಿಯೂ ಸಿಗುತ್ತದೆ. ಅದು ಪಾಸಿಟಿವ್ ತೋರಿಸಿದರೆ ಸಾಮಾನ್ಯವಾಗಿ ಒಂದು, ಒಂದೂವರೆ ದಿನದಲ್ಲಿ ಬಿಡುಗಡೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಅತ್ತೆಯವರು ಈಗಲೇ ನನ್ನನ್ನು ಡಾಕ್ಟರ್ ಬಳಿ ಕರೆದೊಯ್ಯುವ ಮಾತಾಡುತ್ತಿದ್ದಾರೆ. ನನಗೆ 29 ವರ್ಷ. ಹೋಗಬೇಕೇ?

ಉತ್ತರ, ಬೀದರ್‌ನಿಂದ

35ರೊಳಗಿನವರು ಒಂದು ವರ್ಷ ಪ್ರಯತ್ನಿಸಿದ ಮೇಲೆ, 35 ದಾಟಿದವರು ಆರು ತಿಂಗಳಾದ ಮೇಲೆ ತೋರಿಸಬೇಕು. ಮುಟ್ಟು ಏರುಪೇರಾಗುತ್ತಿದ್ದರೆ ಕಾಯುವುದೇ ಬೇಡ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಅನ್ನು ಮಾತ್ರ ಈಗಿನಿಂದಲೇ ಶುರು ಮಾಡಿ. ಡಾಕ್ಟರ್ ಬಳಿ ಹೋಗುವ ದಿನ ಗಂಡನೂ ಜೊತೆಗಿರಲಿ. ವೀರ್ಯ ಪರೀಕ್ಷೆಯಲ್ಲಿ ನೋವಿಲ್ಲ, ಖರ್ಚೂ ದೊಡ್ಡದಲ್ಲ. ಅದನ್ನು ಮಾಡಿಸದೆ ಸೊಸೆಯನ್ನೊಬ್ಬಳನ್ನೇ ಸ್ಕ್ಯಾನಿಂಗ್‌ಗೆ ಅಲೆಸುವುದು ಅನ್ಯಾಯ. ಅತ್ತೆಯವರಿಗೆ ಇದನ್ನು ನಿಮ್ಮ ಗಂಡನೇ ಹೇಳಲಿ.