ಎಂಟು ಹಾಸಿಗೆ ಐಸಿಯು, ಮೂರನೇ ಕ್ಲೆಬ್ಸಿಯೆಲ್ಲಾ: ಫಾಗಿಂಗ್ ಮಷೀನೋ, ಸ್ವಾಬೋ?

ಕೇಳಿದವರು (ನರ್ಸಿಂಗ್ ಹೋಮ್): ಮೆರೊಪೆನೆಮ್ ಅನ್ನೋ ಪ್ರಬಲ ಆ್ಯಂಟಿಬಯಾಟಿಕ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಮೂವರಲ್ಲಿ ಬಂದಿದೆ, ಮೂವರೂ ವೆಂಟಿಲೇಟರ್ ಮೇಲಿದ್ದಾರೆ. ಕೋಣೆಗೆ ಸೋಂಕುನಾಶಕ ಹೊಗೆ ಬಿಡೋ ಫಾಗಿಂಗ್ ಮಷೀನ್ ಕೊಳ್ಳೋದಾ, ಎಲ್ಲರಿಗೂ ರೆಕ್ಟಲ್ ಸ್ವಾಬ್ (ಗುದದ್ವಾರದಿಂದ ಹತ್ತಿಕಡ್ಡಿಯಲ್ಲಿ ಮಾದರಿ) ಮಾಡಿಸೋದಾ? ದುಡ್ಡಿರೋದು ಒಂದಕ್ಕೆ.

ಹುಬ್ಬಳ್ಳಿ ಲ್ಯಾಬ್: ಸ್ವಾಬಿಗೆ ದುಬಾರಿ ಪ್ಲೇಟ್ ಬೇಕಾಗಿಲ್ರಿ. 5 ಎಂಎಲ್ ಟ್ರಿಪ್ಟಿಕ್ ಸೋಯಾ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸೂ ದ್ರವ), ಅದರಾಗ 10 ಮೈಕ್ರೊಗ್ರಾಂ ಮೆರೊಪೆನೆಮ್ ಡಿಸ್ಕ್ ಒಂದು, ಸ್ವಾಬ್ ಅದ್ದಿ ರಾತ್ರಿಪೂರ್ತಿ ಇನ್‌ಕ್ಯುಬೇಟರ್. ಮರುದಿನ 100 ಮೈಕ್ರೊಲೀಟರ್ ಮ್ಯಾಕ್‌ಕಾಂಕಿ ಅಗಾರ್ (ಬ್ಯಾಕ್ಟೀರಿಯಾ ಬೆಳೆಸೂ ಜೆಲ್ಲಿ) ಮ್ಯಾಲೆ. ಗುಲಾಬಿ, ಲೋಳೆಲೋಳೆ ಕಾಲನಿ ಕಂಡ್ರ ಮುಂದಿನ ಟೆಸ್ಟ್. ವರದಿಗೆ ಮೂರು ದಿನ ಹಿಡೀತೈತಿ. ಅಲ್ಲೀತನಕ ಹೊಸ ಪೇಷಂಟನ್ನ ಪಾಸಿಟಿವ್ ಅಂತಲೇ ನೋಡ್ಲಿಲ್ಲಂದ್ರ ದುಡ್ಡು ಹೊಳ್ಯಾಗ. ಇನ್ನೊಂದು: ಕೊನೇ ಅಸ್ತ್ರದಂಥ ಆ್ಯಂಟಿಬಯಾಟಿಕ್ ಕೊಲಿಸ್ಟಿನ್‌ಗೆ ಡಿಸ್ಕ್ ಇಟ್ಟು ವರದಿ ಕೊಡೋ ಲ್ಯಾಬಿಗೆ ಕಳಸಬ್ಯಾಡ್ರಿ. ಆ ದೊಡ್ಡ ಅಣು ಅಗಾರ್‌ನ್ಯಾಗ ಸರಿಯಾಗಿ ಹರಡೂದಿಲ್ಲ. ಔಷಧಿಯನ್ನ ಬ್ರಾತಿನಾಗ ಬೇರೆ ಬೇರೆ ಪ್ರಮಾಣದಾಗ ಬೆರೆಸಿ ನೋಡೂ ಬ್ರಾತ್ ಮೈಕ್ರೊಡೈಲ್ಯೂಷನ್ನೇ ಆಗ್ಬೇಕು.

ಮೈಸೂರು ಆಡಳಿತ: ನಮ್ಮಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಫಾಗಿಂಗ್ ವಾರಕ್ಕೊಮ್ಮೆ ತಪ್ಪದೆ ನಡೆಯುತ್ತೆ. ಮಷೀನ್ ತಗೊಳ್ಳಿ, ಯೋಚಿಸಬೇಡಿ.

ದಾವಣಗೆರೆ ಸಿಸ್ಟರ್: ಸಾರ್, ಫಾಗಿಂಗ್‌ಗೆ ಕೋಣೆ ಖಾಲಿ ಇರಬೇಕು. ವೆಂಟಿಲೇಟರ್ ಪೇಷಂಟ್‌ಗಳನ್ನ ಕಾರಿಡಾರಲ್ಲಿ ಮಲಗಿಸ್ತೀರಾ? ಕೊಳೆ ಕೂತ ಬೆಡ್ ರೈಲಿಂಗ್ ಮೇಲೆ ಹೊಗೆ ಬಿಟ್ಟರೆ ಕೊಳೆ ಒದ್ದೆಯಾಗುತ್ತೆ ಅಷ್ಟೆ. ಮೊದಲು ಡಿಟರ್ಜೆಂಟ್, ಆಮೇಲೆ ನೀರಲ್ಲಿ ಒರೆಸಿ, ಕೊನೆಗೆ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚ್): 5% ಇದ್ದರೆ ಲೀಟರ್ ನೀರಿಗೆ 20 ಎಂಎಲ್, ಹತ್ತು ನಿಮಿಷ ಒದ್ದೆಯಾಗೇ ಇರಬೇಕು. ದಿನಾ ಹೊಸದಾಗಿ ಬೆರೆಸಿ. ಬಿಸಿಲಲ್ಲಿಟ್ಟ ಕ್ಯಾನಲ್ಲಿ ವಾಸನೆ ಬಿಟ್ಟರೆ ಹೆಚ್ಚೇನೂ ಉಳಿದಿರಲ್ಲ. ಸಿಂಕ್ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ! ಉಳಿದ ಗ್ಲೂಕೋಸ್, ರೈಲ್ಸ್ ಟ್ಯೂಬ್ (ಮೂಗಿನ ಆಹಾರ ಕೊಳವೆ) ಗಂಜಿ, ಡ್ಯೂಟಿ ಚಹಾ ಎಲ್ಲ ಅಲ್ಲಿಗೇ. ಪೈಪಿನ ಬಾಗಿನಲ್ಲಿ ಬಯೋಫಿಲ್ಮ್ (ಬ್ಯಾಕ್ಟೀರಿಯಾದ ಲೋಳೆ ಪದರ) ಅದನ್ನೇ ತಿಂದು ಜಾಲರಿವರೆಗೆ ಏರುತ್ತೆ. ನಲ್ಲಿ ನೀರು ನೇರ ಜಾಲರಿಗೆ ಬಿದ್ದರೆ ಸಿಡಿದು ಪಕ್ಕದ ಔಷಧಿ ಟ್ರೇಗೆ.

ಮಂಗಳೂರು ಇಂಟೆನ್ಸಿವಿಸ್ಟ್ (ಐಸಿಯು ಡಾಕ್ಟರ್): ಸಿಂಕ್ ಸರಿ, ಆದರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದ ಹಾಗೆ ಮಾಡುವ ಜೀನ್ ಯಾವುದು ಅಂತ ಕೇಳಿ ಮಾರಾಯ್ರೆ. ಒಎಕ್ಸ್‌ಎ-48 ಆದರೆ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಅನ್ನುವ ಜೋಡಿ ಔಷಧಿ ಕೆಲಸ ಮಾಡ್ತದೆ. ಎನ್‌ಡಿಎಂ ಆದರೆ ಅದೊಂದೇ ಕೊಟ್ಟು ಪ್ರಯೋಜನ ಇಲ್ಲ, ಅಜ್‌ಟ್ರಿಯೋನಾಮ್ ಅನ್ನುವ ಇನ್ನೊಂದು ಆ್ಯಂಟಿಬಯಾಟಿಕ್ ಜೊತೆಗೆ ಬೇಕು. ಕಿಡ್ನಿ ಸರಿಯಿದ್ದರೆ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ 2.5 ಗ್ರಾಂ ಎಂಟು ಗಂಟೆಗೊಮ್ಮೆ, ಏಳು ದಿನಕ್ಕೆ 21 ವಯಲ್. ಅಜ್‌ಟ್ರಿಯೋನಾಮ್ 2 ಗ್ರಾಂ ಎಂಟು ಗಂಟೆಗೊಮ್ಮೆ ಹಿಡಿದರೂ ಒಂದು ಗ್ರಾಂ ವಯಲ್ 42. ಒಟ್ಟು 63, ಒಬ್ಬ ಪೇಷಂಟಿಗೆ!

ಮೈಸೂರು ಆಡಳಿತ: ಮೂಲ ಕೋಳಿ ಫಾರಂ. ಅಲ್ಲಿ ಕೊಲಿಸ್ಟಿನ್ ಸುರಿದು ಇಲ್ಲಿ ನಮಗೆ ಪಾಠವೇ?

ಹುಬ್ಬಳ್ಳಿ ಲ್ಯಾಬ್: ಕೋಳಿಗೆ ಕೊಲಿಸ್ಟಿನ್ 2019ರಾಗ ನಿಷೇಧ ಆಗೇತ್ರಿ. ನಿಮ್ಮ ಮೂರನೇ ಬೆಡ್ಡಿಂದ ನಾಲ್ಕನೇದಕ್ಕ ಕೋಳಿ ಹಾರಿ ಹೋತೇನು?

ದಾವಣಗೆರೆ ಸಿಸ್ಟರ್: ಕೈಗೆ ಹಚ್ಚೋ ಆಲ್ಕೋಹಾಲ್ ಹ್ಯಾಂಡ್ ರಬ್ ಲೆಕ್ಕ ಹಾಕಿ ಸಾರ್. ಡಬ್ಲ್ಯುಎಚ್‌ಒ ಮಾನದಂಡ 1000 ಪೇಷಂಟ್-ದಿನಕ್ಕೆ ಕನಿಷ್ಠ 20 ಲೀಟರ್. ಎಂಟು ಬೆಡ್ ತುಂಬಿದ್ದರೆ ತಿಂಗಳಿಗೆ 240 ಪೇಷಂಟ್-ದಿನ, ಅಂದರೆ 4.8 ಲೀಟರ್. ಐಸಿಯುಗೆ ಅದೂ ಸಾಲಲ್ಲ. ಸ್ಟೋರ್ ರಿಜಿಸ್ಟರ್ ತೆಗೆದು ನಿಮ್ಮದು ಎಷ್ಟು ಅಂತ ಇಲ್ಲೇ ಬರೀರಿ.

ಮೈಸೂರು ಆಡಳಿತ: ರಿಜಿಸ್ಟರ್ ನಿಮಗ್ಯಾಕೆ ತೋರಿಸಬೇಕು?