ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ, ಮತ್ತೆ ಬಿಪಿ ಇಳಿದದ್ದು ಯಾಕೆ?

ಪ್ರಶ್ನೆ (ಬ್ರಹ್ಮಾವರ): ನಮಸ್ಕಾರ ಮೇಡಂ. ಅಪ್ಪನಿಗೆ 68 ವರ್ಷ, ಸಕ್ಕರೆ ಕಾಯಿಲೆ ಉಂಟು. ಕಳೆದ ವಾರ ಮೂತ್ರದ ಸೋಂಕು ಜೋರಾಗಿ ಚಳಿಜ್ವರ ಬಂತು, ಬಿಪಿ ಇಳಿದು ಐಸಿಯುಗೆ ಸೇರಿಸಿದೆವು. ಮೂತ್ರದಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಇ. ಕೋಲಿ ಬಂದಿದೆ. ರಕ್ತದ್ದರಲ್ಲಿ ಐದು ದಿನ ಕಾದರೂ ಎಂತದೂ ಬೆಳೆಯಲಿಲ್ಲ. ರಕ್ತದಲ್ಲಿ ಬ್ಯಾಕ್ಟೀರಿಯಾವೇ ಇಲ್ಲದಿದ್ದರೆ ಬಿಪಿ ಇಳಿಯುವಷ್ಟು ರಕ್ತನಾಳ ಹಾಳಾದದ್ದು ಹೇಗೆ? ಈಗ ವಾರ್ಡಿಗೆ ತಂದಿದ್ದಾರೆ. ಪಾದ ಇನ್ನೂ ಊದಿದೆ, ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ.

ಉತ್ತರ (ಸೂಕ್ಷ್ಮಾಣು ತಜ್ಞೆ, ಮಣಿಪಾಲ): ಅಪ್ಪ ಐಸಿಯುನಿಂದ ಹೊರಗೆ ಬಂದದ್ದು ದೊಡ್ಡ ಸಮಾಧಾನ. ಕಲ್ಚರ್ ಬಾಟಲಿಯಲ್ಲಿ ಕಾಣುವುದು ಜೀವ ಇರುವ, ಬೆಳೆಯುವ ಬ್ಯಾಕ್ಟೀರಿಯಾ ಮಾತ್ರ. ರಕ್ತ ತೆಗೆಯುವ ಮೊದಲೇ ಆಂಟಿಬಯೋಟಿಕ್ ಬಿದ್ದಿದ್ದರೆ ಅದೂ ಬೆಳೆಯದೆ ಇರಬಹುದು. ಆದರೆ ಬೆಳೆಯದ, ಕೇಡು ಮಾತ್ರ ಮಾಡುವ ಇನ್ನೊಂದು ವಸ್ತು ಉಂಟು.

ಗಂಜಿ ಕುದಿಯುವಾಗ ಗುಳ್ಳೆ ಏಳುತ್ತದಲ್ಲ, ಹಾಗೆ ಇ. ಕೋಲಿಯ ಹೊರಪೊರೆ ಅಲ್ಲಲ್ಲಿ ಉಬ್ಬಿ, ಕಳಚಿಕೊಂಡು ಪುಟ್ಟ ಚೀಲಗಳಾಗಿ ಹೊರಗೆ ಹೋಗುತ್ತದೆ. ಗಾತ್ರ ಸುಮಾರು 20ರಿಂದ 250 ನ್ಯಾನೋಮೀಟರ್. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ತಡೆಯಲು ಬಳಸುವ 0.22 ಮೈಕ್ರಾನ್ ಫಿಲ್ಟರಿನಿಂದಲೂ ಹೆಚ್ಚಿನವು ನುಸುಳಿ ಹೋಗುತ್ತವೆ. ಕಾಲರಾ ಬ್ಯಾಕ್ಟೀರಿಯಾ ಹೀಗೆ ಪೊರೆ ಉದುರಿಸುವುದನ್ನು 1967ರಲ್ಲೇ ಚಟರ್ಜಿ ಮತ್ತು ದಾಸ್ ಎಂಬ ನಮ್ಮ ದೇಶದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿದ್ದರು. ಇದನ್ನು ಪಾಠ ಮಾಡುವಾಗ ನನಗೆ ಪ್ರತಿಸಲ ಹೆಮ್ಮೆ ಆಗುತ್ತದೆ.

ಚೀಲದ ಮೈಯಲ್ಲೇ ಎಲ್‌ಪಿಎಸ್ ಎಂಬ ವಿಷವಸ್ತು ಇರುತ್ತದೆ, ಎಂಡೋಟಾಕ್ಸಿನ್ ಅಂತ ನೀವು ಕೇಳಿರಬಹುದು. ರಕ್ತನಾಳದ ಒಳಗೋಡೆಯ ಕೋಶಗಳು ಮಂಗಳೂರು ಹಂಚಿನ ಹಾಗೆ ಒಂದಕ್ಕೊಂದು ಕಚ್ಚಿಕೊಂಡು ಕೂತಿರುತ್ತವೆ. ಅವುಗಳ ಮೇಲಿನ ಟಿಎಲ್‌ಆರ್4 ಎಂಬ ಗ್ರಾಹಕ ಆ ಎಲ್‌ಪಿಎಸ್ ಅನ್ನು ಗುರುತು ಹಿಡಿಯುತ್ತದೆ. ಕೂಡಲೇ ಒಳಗೆ ಎನ್‌ಎಫ್-ಕಪ್ಪಾಬಿ ಎಂಬ ಸ್ವಿಚ್ ಬೀಳುತ್ತದೆ. ಕೆಲವೇ ಗಂಟೆಗಳಲ್ಲಿ ಕೋಶದ ಮೈಮೇಲೆ ಇ-ಸೆಲೆಕ್ಟಿನ್, ಐಕ್ಯಾಮ್-1 ಎಂಬ ಅಂಟು ಪ್ರೋಟೀನುಗಳು ಏಳುತ್ತವೆ, ಐಎಲ್-8 ಹೊರಗೆ ಬಂದು ಬಿಳಿರಕ್ತಕಣಗಳನ್ನು ಕರೆಯುತ್ತದೆ. ಹೊಕ್ಕುಳಬಳ್ಳಿಯ ರಕ್ತನಾಳದಿಂದ ಬೆಳೆಸಿದ ಕೋಶಗಳಿಗೆ ಬರೀ ಈ ಚೀಲಗಳನ್ನು ಹಾಕಿದರೂ, ಒಂದೇ ಒಂದು ಜೀವಂತ ಬ್ಯಾಕ್ಟೀರಿಯಾ ಇಲ್ಲದೆ, ಬಿಳಿಕಣ ಬಂದು ಅಂಟುವುದನ್ನು ನೋಡಬಹುದು.

ಕೆಲವು ಚೀಲಗಳನ್ನು ಕೋಶ ನುಂಗಿಬಿಡುತ್ತದೆ. ಆಗ ಎಲ್‌ಪಿಎಸ್ ಕೋಶದ ಒಳದ್ರವಕ್ಕೇ ತಲುಪಿ ಕ್ಯಾಸ್ಪೇಸ್-4 ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ, ಪೊರೆಗೆ ತೂತು ಬಿದ್ದು ಕೋಶ ಸಾಯಲೂಬಹುದು. ಹಂಚು ಜಾರಿದರೆ ಆಟಿಯ ಮಳೆಗೆ ಮನೆ ಸೋರುವ ಹಾಗೆ, ಕೋಶಗಳ ಸಂದಿ ಬಿಟ್ಟಾಗ ರಕ್ತದ ನೀರು ಹೊರಗೆ ಸೋರುತ್ತದೆ. ನೈಟ್ರಿಕ್ ಆಕ್ಸೈಡ್ ಜಾಸ್ತಿಯಾಗಿ ನಾಳ ಸಡಿಲವಾಗುತ್ತದೆ. ಎರಡೂ ಸೇರಿ ಬಿಪಿ ಬೀಳುತ್ತದೆ. ಅಪ್ಪನಿಗೆ ಆದದ್ದಕ್ಕೆ ಚೀಲಗಳೇ ಕಾರಣ ಅಂತ ಹೇಳಲಿಕ್ಕೆ ಆಗುವುದಿಲ್ಲ, ದೇಹದ ಬೇರೆ ಪ್ರತಿಕ್ರಿಯೆಗಳೂ ಇದರಲ್ಲಿ ಸೇರಿರುತ್ತವೆ.

ಪ್ರಶ್ನೆ (ಸುರತ್ಕಲ್, ನರ್ಸಿಂಗ್ ವಿದ್ಯಾರ್ಥಿನಿ): ಆಂಟಿಬಯೋಟಿಕ್‌ನಿಂದ ಈ ಚೀಲಗಳೂ ಹೋಗ್ತವಾ ಮೇಡಂ?

ಉತ್ತರ: ಇಲ್ಲಮ್ಮ. ಅವಕ್ಕೆ ಜೀವವೇ ಇಲ್ಲ, ಮದ್ದು ಕೊಲ್ಲುವುದು ಯಾರನ್ನು? ಕೆಲವು ಆಂಟಿಬಯೋಟಿಕ್ ಕೊಟ್ಟಾಗ ಬ್ಯಾಕ್ಟೀರಿಯಾ ಒಡೆದು ಪೊರೆಯ ಚೂರು ಇನ್ನಷ್ಟು ಹೊರಗೆ ಬರುವುದೂ ಉಂಟು. ಹಾಗಂತ ಇದನ್ನು ಓದಿ ಯಾರೂ ಮದ್ದು ನಿಲ್ಲಿಸಬೇಡಿ, ದಯವಿಟ್ಟು. ಚೀಲ ಮಾಡುವ ಬ್ಯಾಕ್ಟೀರಿಯಾ ಉಳಿದರೆ ಅದು ಮಾಡುತ್ತಲೇ ಇರುತ್ತದೆ. ರಕ್ತಕ್ಕೆ ಬಂದ ಎಂಡೋಟಾಕ್ಸಿನ್ನನ್ನು ತೆಗೆಯುವ ಕೆಲಸ ಹೆಚ್ಚಾಗಿ ಲಿವರ್‌ನದ್ದು.

ಪ್ರಶ್ನೆ (ಬಿಜೈ): ವಸಡಿನಲ್ಲಿ ರಕ್ತ ಬಂದರೆ ಹೃದಯಕ್ಕೂ ತೊಂದರೆ ಅನ್ನುತ್ತಾರೆ. ಅದಕ್ಕೂ ಇದೇ ಕಾರಣವಾ?

ಉತ್ತರ: ಸಂಬಂಧ ಇರಬಹುದು. ವಸಡು ತಿನ್ನುವ ಪಾರ್ಫಿರೋಮೋನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾ ಕೂಡ ಇಂಥ ಚೀಲ ಬಿಡುತ್ತದೆ, ಅದರೊಳಗೆ ಪ್ರೋಟೀನ್ ಕತ್ತರಿಸುವ ಜಿಂಜಿಪೇನ್ ಕಿಣ್ವ ಇರುತ್ತದೆ. ವಸಡಿನ ರೋಗ ಇರುವವರಲ್ಲಿ ಹೃದ್ರೋಗ ಹೆಚ್ಚು ಕಾಣುವುದು ನಿಜ. ಅದರಿಂದಲೇ ಇದು ಬಂತು ಎಂದು ಇನ್ನೂ ಸಾಬೀತಾಗಿಲ್ಲ. ರಕ್ತ ಬರುತ್ತಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ.

ಬ್ರಹ್ಮಾವರದವರಿಗೆ ಇನ್ನೊಂದು ಮಾತು: ಐಸಿಯುನಲ್ಲಿ ಲೀಟರ್‌ಗಟ್ಟಲೆ ಡ್ರಿಪ್ ಹೋಗಿರುತ್ತದೆ, ಸೋರಿದ ನೀರು ವಾಪಸ್ ಬರಲು ದಿನಗಳು ಬೇಕು. ಆಲ್ಬುಮಿನ್ (ರಕ್ತನಾಳದೊಳಗೆ ನೀರು ಹಿಡಿದಿಡುವ ಪ್ರೋಟೀನ್), ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವುದು) ಎಷ್ಟಿದೆ ಅಂತ ನಾಳೆ ರೌಂಡ್ಸ್‌ನಲ್ಲಿ ಕೇಳಿ. ಮೂತ್ರ ಕಡಿಮೆಯಾದರೆ, ಉಸಿರು ಏರಿದರೆ, ಮಾತು ತೊದಲಿದರೆ ರೌಂಡ್ಸ್‌ಗೆ ಕಾಯಬೇಡಿ. ನರ್ಸನ್ನು ಕೂಡಲೇ ಕರೆಯಿರಿ, ರಾತ್ರಿ ಎರಡು ಗಂಟೆ ಆದರೂ ಸರಿ.