ಬೆನ್ನುನೋವಿನ ಸುದ್ದಿ, ಚಿಕ್ಕಪ್ಪನ ಚಪ್ಪಲಿ

ಸಾಗರದ ಭಾವ (ಫಾರ್ವರ್ಡ್): ಕರುಳಿನ ಕ್ಯಾನ್ಸರ್ ಬೆನ್ನುಹುರಿಯೊಳಕ್ಕೂ ಹರಡುತ್ತದೆ! ಬೆನ್ನುನೋವಿದ್ದವರೆಲ್ಲ ಕೂಡಲೇ ಎಂಆರ್‌ಐ ಮಾಡಿಸಿಕೊಳ್ಳಿ. ಹತ್ತು ಜನರಿಗೆ ಕಳುಹಿಸಿ.

ತೀರ್ಥಹಳ್ಳಿಯ ಅಕ್ಕ: ಭಾವ, ಅಡಿಕೆಯ ಕೊನೆಕೊಯ್ಲಿನ ಕಾಲದಲ್ಲಿ ಮಲೆನಾಡಿನಲ್ಲಿ ಬೆನ್ನು ನೋಯದವರನ್ನು ಹುಡುಕಬೇಕಾದೀತು. ಎರಡು ವರ್ಷದ ಹಿಂದೆ ದೊಡ್ಡಕರುಳಿನ ಆಪರೇಷನ್ ಮಾಡಿಸಿಕೊಂಡ ಚಿಕ್ಕಪ್ಪ ಇದೇ ಗುಂಪಿನಲ್ಲಿದ್ದಾರೆ ಎಂಬುದನ್ನಾದರೂ ನೆನೆಯಬೇಕಿತ್ತು.

ಭಾವ: ನೆನೆದೇ ಕಳುಹಿಸಿದ್ದೇನೆ. ನರ್ಸಾಗಿ ನಿವೃತ್ತಳಾದವಳು ನೀನು, ಸುಳ್ಳಿದ್ದರೆ ತೋರಿಸು.

ಅಕ್ಕ: ಸುಳ್ಳಲ್ಲ, ಅಳತೆ ತಪ್ಪಿದೆ. ಕರುಳಿನ ರಕ್ತ ಹೆಚ್ಚಾಗಿ ಮೊದಲು ಯಕೃತ್ತಿಗೇ ಹೋಗುವುದರಿಂದ ಈ ಕ್ಯಾನ್ಸರ್ ಸಾಮಾನ್ಯವಾಗಿ ಅಲ್ಲಿ, ಇಲ್ಲವೇ ಶ್ವಾಸಕೋಶದಲ್ಲಿ ಬೇರೂರುತ್ತದೆ. ಬೆನ್ನುಮೂಳೆಗೆ ಬರುವುದೇ ಕಡಿಮೆ, ಮೂಳೆಯೊಳಗಿನ ಹುರಿಯ ತಿರುಳಿಗೆ ಇಳಿಯುವುದಂತೂ ತೀರಾ ಅಪರೂಪ. ಹಾಗೆ ಇಳಿಯುವವುಗಳಲ್ಲಿ ಶ್ವಾಸಕೋಶದ ಮತ್ತು ಸ್ತನದ ಕ್ಯಾನ್ಸರುಗಳೇ ಹೆಚ್ಚು. ಬೆನ್ನುಮೂಳೆಯ ಸುತ್ತ ಕವಾಟವಿಲ್ಲದ ರಕ್ತನಾಳಗಳ ಜಾಲವೊಂದಿದೆ. ಕೆಮ್ಮಿದಾಗ, ತಿಣುಕಿದಾಗ ಅದರಲ್ಲಿ ರಕ್ತ ಹಿಮ್ಮುಖವಾಗಿಯೂ ಹರಿಯಬಲ್ಲದೆಂದು ಬ್ಯಾಟ್ಸನ್ ಎಂಬುವವರು 1940ರಲ್ಲಿ ತೋರಿಸಿದರು. ಕ್ಯಾನ್ಸರ್ ಕಣಗಳಿಗೆ ಅದೂ ಒಂದು ಒಳದಾರಿ.

ಶಿವಮೊಗ್ಗದ ತಮ್ಮ: ಅಪರೂಪವೆಂದು ಸುಮ್ಮನೆ ಕೂರಬೇಕೇ?

ಅಕ್ಕ: ಕೂರಬೇಡ, ನೋಡಬೇಕಾದ್ದನ್ನು ನೋಡು. ಕ್ಯಾನ್ಸರ್ ಬಂದುಹೋದವರಿಗೆ ಮಲಗಿದಾಗ ಹೆಚ್ಚುವ ಹೊಸ ನೋವು, ಕಾಲಿನ ಬಲ ಕುಂದುವುದು, ಕೂರುವ ಜಾಗ ಮರಗಟ್ಟುವುದು, ಮೂತ್ರ ಕಟ್ಟುವುದು ಕಂಡರೆ ಒಂದು ದಿನವೂ ಕಾಯುವಂತಿಲ್ಲ. ಹುರಿಯ ಊತ ಇಳಿಸಲು ಡೆಕ್ಸಾಮೆಥಾಸೋನ್ ಎಂಬ ಔಷಧಿ, ಆಮೇಲೆ ವಿಕಿರಣ, ಕೆಲವರಿಗೆ ಶಸ್ತ್ರಚಿಕಿತ್ಸೆ. ನಡೆಯುವ ಶಕ್ತಿ ಇರುವಾಗಲೇ ಚಿಕಿತ್ಸೆ ಶುರುವಾದವರು ಮುಂದೆಯೂ ನಡೆಯುವ ಸಂಭವ ಹೆಚ್ಚು. ಈ ಸಾಲೊಂದೂ ಭಾವನ ಸುದ್ದಿಯಲ್ಲಿಲ್ಲ.

ಭಾವ: ಸುದ್ದಿ ಬಂದದ್ದರಿಂದಲೇ ನೀನು ಇಷ್ಟು ಬರೆದೆ.

ಚಿಕ್ಕಪ್ಪ: ನನ್ನನ್ನು ಪಕ್ಕಕ್ಕೆ ಕೂರಿಸಿ ನನ್ನ ಬೆನ್ನಿನ ಪಂಚಾಯಿತಿ ನಡೆಸುತ್ತಿದ್ದೀರಿ. ನೋವು ಅಷ್ಟೇನಿಲ್ಲ. ಮೊನ್ನೆ ಕೊಟ್ಟಿಗೆಯಿಂದ ಬರುವಾಗ ಎಡಗಾಲಿನ ಚಪ್ಪಲಿ ಸಗಣಿ ಕೆಸರಿನಲ್ಲೇ ಉಳಿದಿತ್ತು. ಜಗಲಿ ಹತ್ತಿದ ಮೇಲೆ ನಿಮ್ಮ ಚಿಕ್ಕಮ್ಮ ಹೇಳಿದಾಗಲೇ ನನಗೆ ತಿಳಿದದ್ದು.

ಅಕ್ಕ: ಮೂತ್ರ ಸಲೀಸಾಗಿ ಆಗುತ್ತಿದೆಯೇ?

ಚಿಕ್ಕಪ್ಪ: ನಿನ್ನೆ ರಾತ್ರಿಯಿಂದ ತಿಣುಕಬೇಕಾಗಿದೆ. ವಯಸ್ಸಿನದೆಂದುಕೊಂಡೆ. ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ.

ಅಕ್ಕ: ಬಸ್ಸಿಗೆ ಬೇಡ. ಇವತ್ತೇ ಹೊರಡಬೇಕು.

ಭಾವ: ಕಾರು ತೆಗೆದಿದ್ದೇನೆ. ಚಿಕ್ಕಪ್ಪ, ಆಪರೇಷನ್ನಿನ ಹಳೆಯ ಕಾಗದಗಳನ್ನೆಲ್ಲ ಕೈಚೀಲಕ್ಕೆ ಹಾಕಿಕೊಂಡಿರಿ.